ಟೂಲ್ ಬರೆದವರಿಗೆ ಮಾರ್ಕ್ಸ್ ಯಾಕಿಲ್ಲ?

ಬಯೋಫಿಸಿಕ್ಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು "ಅದು ಬಯಾಲಜಿಯವರ ತಲೆನೋವು" ಅಂತ ಪಕ್ಕಕ್ಕೆ ತಳ್ಳಿಬಿಡ್ತಾರೆ. ನಮ್ಮ ದೊಡ್ಡಮ್ಮನ ಮಗಳು ಅದರಲ್ಲೇ ಪಿಎಚ್‌ಡಿ ಮಾಡ್ತಿದ್ದಾಳೆ. ಅಕ್ಕನ ಕೆಲಸ ನೋಡಿದ್ರೆ ಅರ್ಧಕ್ಕರ್ಧ ನಮ್ಮ ಸಿಲಬಸ್ಸೇ.

ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳಿಗೆ ದಾರಿ ಬಿಡೋ ಪ್ರೋಟೀನ್‌ಗಳಿವೆ, ಒಂಥರಾ ಗೇಟ್ ಇದ್ದ ಹಾಗೆ. ಆ ಗೇಟ್ ಹೇಗೆ ತೆರೆಯುತ್ತೆ ಅನ್ನೋದು ಅವಳ ಪ್ರಶ್ನೆ. ಪ್ರತಿ ಪರಮಾಣುವಿನ ಮೇಲೆ ಎಷ್ಟು ಬಲ ಬೀಳ್ತಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ, ನ್ಯೂಟನ್ನನ ಎರಡನೇ ನಿಯಮದಂತೆ ಅದನ್ನ ಚೂರು ಸರಿಸುತ್ತೆ, ಮತ್ತೆ ಲೆಕ್ಕ ಹಾಕುತ್ತೆ. ಒಂದು ಹೆಜ್ಜೆ ಅಂದ್ರೆ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್. ಅಂದ್ರೆ ಒಂದೇ ಒಂದು ಮೈಕ್ರೊಸೆಕೆಂಡ್ ನೋಡೋಕೆ 50 ಕೋಟಿ ಹೆಜ್ಜೆ! ಇದಕ್ಕೆ ಅವಳು ಬಳಸೋ ಗ್ರೋಮ್ಯಾಕ್ಸ್ ಪೂರ್ತಿ ಉಚಿತ, ಕೋಡ್ ಕೂಡ ತೆರೆದೇ ಇದೆ.

ಅವಳ ಇನ್ನೊಂದು ಹುಚ್ಚು ಆನ್‌ಲೈನ್ ಟೂಲ್‌ಗಳು. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಆಗಲ್ಲ ಅಂತ ತೋರಿಸೋ ರಾಮಚಂದ್ರನ್ ಪ್ಲಾಟ್ ಇದೆಯಲ್ಲ, 1963ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ್ದು. (ಅದೇ ಜಿ. ಎನ್. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?) ಸಿಮ್ಯುಲೇಶನ್ ಓಡ್ತಾ ಓಡ್ತಾ ಆ ಕೋನಗಳು ಹೇಗೆ ಬದಲಾಗ್ತವೆ ಅಂತ ಬ್ರೌಸರ್‌ನಲ್ಲೇ ತೋರಿಸೋ ಪುಟ್ಟ ಟೂಲ್ ಒಂದನ್ನ ಮೂರು ತಿಂಗಳು ಕೂತು ಬರೆದಳು. ಬೇರೆ ಲ್ಯಾಬಿನವರು ಬಳಸಿ, ಡೌಟ್ ಕೇಳಿ ಮೇಲ್ ಮಾಡ್ತಾರೆ. ಆದ್ರೆ ವಾರ್ಷಿಕ ಮೌಲ್ಯಮಾಪನದಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಪ್ರಶ್ನೆ: "ಪೇಪರ್ ಎಲ್ಲಿ?" ಟೂಲ್ ಬಗ್ಗೆ ಬರೆಯೋಕೆ ಆ ಫಾರಂನಲ್ಲಿ ಕಾಲಮ್ಮೇ ಇರಲಿಲ್ಲ.

ನನ್ನ ಪ್ರಕಾರ ಇದು ಅನ್ಯಾಯ ಮಾತ್ರ ಅಲ್ಲ, ದಡ್ಡತನ ಕೂಡ. ಆಲ್ಫಾಫೋಲ್ಡ್‌ಗೆ 2024ರ ನೊಬೆಲ್ ಬಂದಾಗ ಎಲ್ಲರೂ ಎಐ ಎಐ ಅಂತ ಕುಣಿದ್ವಿ. ಅದು ಕಲಿತಿದ್ದು ಎಲ್ಲಿಂದ? ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. 1971ರಲ್ಲಿ ಬರೀ 7 ರಚನೆಗಳಿಂದ ಶುರುವಾದ ಆ ಭಂಡಾರದಲ್ಲಿ ಈಗ 2 ಲಕ್ಷಕ್ಕೂ ಹೆಚ್ಚಿವೆ. ಒಂದೊಂದನ್ನೂ ಯಾರೋ ಪ್ರಯೋಗ ಮಾಡಿ, ಎಲ್ಲರಿಗೂ ಸಿಗಲಿ ಅಂತ ಇಟ್ಟಿದ್ದು. ಅದನ್ನ ಸರಿಯಾಗಿ ಜೋಡಿಸಿ, ತಪ್ಪು ತಿದ್ದಿ, ಐವತ್ತು ವರ್ಷ ಕಾಪಾಡಿದವರ ಹೆಸರು ಕ್ವಿಜ್‌ನಲ್ಲೂ ಬರಲ್ಲ.

"ಪೇಪರ್‌ಗೆ ರಿವ್ಯೂ ಇರುತ್ತೆ, ಕೋಡ್ ಸರಿ ಇದೆ ಅಂತ ಯಾರು ಹೇಳ್ತಾರೆ?" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆನೇ. ಹಾಗಿದ್ರೆ ಕೋಡನ್ನೂ ರಿವ್ಯೂ ಮಾಡಿ! ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್ 2016ರಿಂದ ಅದನ್ನೇ ಮಾಡ್ತಿದೆ, ಅದೂ ಎಲ್ಲರ ಕಣ್ಣೆದುರಿಗೆ.

ನಮ್ಮ ಕ್ಯಾಂಪಸ್ಸೂ ಏನು ಕಮ್ಮಿ ಇಲ್ಲ ಬಿಡಿ. ಸೀನಿಯರ್ಸ್ ಕೊಟ್ಟ ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಸಿಸ್ಟಮ್‌ಗೆ ಕವರ್ ಪೇಜ್ ಬದಲಿಸಿ ಸಬ್ಮಿಟ್ ಮಾಡಿದ್ರೆ ಮಿನಿ ಪ್ರಾಜೆಕ್ಟ್ ಮುಗೀತು. ಜನ ದಿನಾ ಬಳಸೋ ಟೂಲ್‌ನಲ್ಲಿ ಒಂದು ಬಗ್ ಸರಿ ಮಾಡಿದ್ರೆ ಸೊನ್ನೆ. ಮುಂದಿನ ಸೆಮ್‌ನಿಂದ ಅದಕ್ಕೂ ಮಿನಿ ಪ್ರಾಜೆಕ್ಟ್ ಮಾರ್ಕ್ಸ್ ಕೊಡಿ ಅಂತ ಎಚ್‌ಓಡಿಗಳಿಗೆ ಅರ್ಜಿ ಬರೀತಿದ್ದೀನಿ. ಸಹಿ ಹಾಕೋರು ಶುಕ್ರವಾರ ಲಂಚ್ ಬ್ರೇಕಲ್ಲಿ ಕ್ಯಾಂಟೀನ್ ಹತ್ರ ಸಿಗಿ.