ಆಮ್ಲ ಬರೆಯುವ ಚಿತ್ರ

ಆಮ್ಲ ಎಂದೊಡನೆ ನೆನಪಾಗುವುದು ಪ್ರಯೋಗಶಾಲೆಯ ಘಾಟು. ಅದೇ ಆಮ್ಲ ಚಿತ್ರಕಾರನಿಗೆ ಉಳಿಯ ಕೆಲಸವನ್ನೂ ಮಾಡಿಕೊಡುತ್ತದೆ! ಈ ಕಲೆಯ ಹೆಸರು ಎಚ್ಚಿಂಗ್.

ನುಣುಪಾದ ತಾಮ್ರದ ತಗಡಿಗೆ ಮೇಣ, ರಾಳ, ಡಾಂಬರು ಬೆರೆಸಿದ ತೆಳು ಲೇಪ ಕೊಡುತ್ತಾರೆ. ಲೇಪ ಆರಿದ ಮೇಲೆ ಸೂಜಿಯಿಂದ ಚಿತ್ರ ಗೀರುತ್ತಾರೆ. ಗೀರಿದಲ್ಲಿ ಮಾತ್ರ ತಾಮ್ರ ಕಾಣುತ್ತದೆ. ಬಳಿಕ ತಗಡನ್ನು ಸಾರರಿಕ್ತ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸುತ್ತಾರೆ. ಮೇಣಕ್ಕೆ ಆಮ್ಲದ ಭಯವಿಲ್ಲ. ಬಯಲಾದ ತಾಮ್ರವಾದರೋ ಕರಗಿ ತಾಮ್ರದ ನೈಟ್ರೇಟ್ ಆಗುತ್ತದೆ. ಗೆರೆಗಳಿಂದ ಗುಳ್ಳೆಗಳೇಳುತ್ತವೆ, ದ್ರಾವಣ ನೀಲಿಗೆ ತಿರುಗುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳ, ಅಚ್ಚಿನಲ್ಲಿ ಅಷ್ಟೇ ಕಪ್ಪು. ತೆಳುವಾಗಿರಬೇಕಾದ ಗೆರೆಗಳಿಗೆ ನಡುವೆಯೇ ವಾರ್ನಿಷ್ ಬಳಿದು ಆಮ್ಲವನ್ನು ತಡೆಯುತ್ತಾರೆ. ಕೊನೆಗೆ ಲೇಪ ತೆಗೆದು, ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಉರುಳೆಗಳ ನಡುವೆ ಒತ್ತಿದರೆ ಚಿತ್ರ ಸಿದ್ಧ. ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾತ್ರ ಅದಲುಬದಲು.

ಯುರೋಪಿನಲ್ಲಿ ಯೋಧರ ಕವಚಗಳ ಅಲಂಕಾರಕ್ಕೆ ಬಳಕೆಯಲ್ಲಿದ್ದ ಈ ವಿಧಾನವನ್ನು 1500ರ ಸುಮಾರಿಗೆ ಕಾಗದದ ಅಚ್ಚಿಗೆ ತಂದವರಲ್ಲಿ ಜರ್ಮನಿಯ ಡೇನಿಯಲ್ ಹಾಪ್ಫರ್ ಮೊದಲಿಗ. ಉಳಿಯಿಂದ ಲೋಹ ಕೊರೆಯಲು ವರ್ಷಗಟ್ಟಲೆ ತಾಲೀಮು ಬೇಕು. ಮೇಣ ಗೀರಲು ಚಿತ್ರ ಬರೆಯಬಲ್ಲ ಕೈ ಸಾಕು. ಬಣ್ಣದ ಚಿತ್ರ ಒಬ್ಬ ಸಿರಿವಂತನ ಗೋಡೆಗೆ. ತಗಡಿನ ಚಿತ್ರ ನೂರಾರು ಮನೆಗಳಿಗೆ.

ಇದರ ಬೆಲೆ ಅರಿತವನು ಸ್ಪೇನಿನ ಅರಮನೆಯ ಚಿತ್ರಕಾರ ಫ್ರಾನ್ಸಿಸ್ಕೊ ಗೋಯಾ. ಮೂಢನಂಬಿಕೆ, ಪುರೋಹಿತರ ಬೂಟಾಟಿಕೆಗಳನ್ನು ಗೇಲಿ ಮಾಡುವ 80 ಚಿತ್ರಗಳ 'ಕಾಪ್ರಿಚೋಸ್' ಕಟ್ಟನ್ನು 1799ರಲ್ಲಿ ಮ್ಯಾಡ್ರಿಡ್‌ನ ಸುಗಂಧದ್ರವ್ಯದ ಅಂಗಡಿಯೊಂದರಲ್ಲಿ ಮಾರಾಟಕ್ಕಿಟ್ಟ. ಬೆಲೆ 320 ರಿಯಾಲ್. ಇಡೀ ಕಟ್ಟು ಬಡವನ ಕೈಗೆಟುಕುವಂಥದ್ದಲ್ಲ. ಆದರೂ ಒಂದು ಚಿತ್ರಕ್ಕೆ ಬಿದ್ದದ್ದು ನಾಲ್ಕೇ ರಿಯಾಲ್. ಬೇಗನೆ ಮಾರಾಟ ನಿಂತಿತು. 1803ರಲ್ಲಿ ಗೋಯಾ ಆ ತಗಡುಗಳನ್ನೆಲ್ಲ ದೊರೆಗೆ ಒಪ್ಪಿಸಿಬಿಟ್ಟ.

1808ರಲ್ಲಿ ನೆಪೋಲಿಯನ್ನನ ಸೇನೆ ಸ್ಪೇನನ್ನು ಆಕ್ರಮಿಸಿತು. ಕೊಲೆ, ಸುಲಿಗೆ, ಮ್ಯಾಡ್ರಿಡ್‌ನ ಘೋರ ಬರಗಾಲ ಎಲ್ಲವನ್ನೂ ಗೋಯಾ ತಗಡಿಗಿಳಿಸಿದ. ತಾಮ್ರಕ್ಕೂ ಕೊರತೆ, ಹಳೆಯ ತಗಡನ್ನೇ ತುಂಡರಿಸಿ ಮತ್ತೆ ಬಳಸಿದ. ಈ ಚಿತ್ರಗಳಲ್ಲಿ ಗೆದ್ದ ಸೇನಾಪತಿಯ ಮೆರವಣಿಗೆಯಿಲ್ಲ. ಇರುವವರು ಸತ್ತ ಜನಸಾಮಾನ್ಯರು. ಅವನ ಜೀವಿತಕಾಲದಲ್ಲಿ ಅವು ಪ್ರಕಟವಾಗಲೇ ಇಲ್ಲ. 1828ರಲ್ಲಿ ಗೋಯಾ ತೀರಿಕೊಂಡ. ಮ್ಯಾಡ್ರಿಡ್‌ನ ಕಲಾ ಅಕಾಡೆಮಿ 80 ತಗಡುಗಳನ್ನು ಅಚ್ಚು ಹಾಕಿಸಿ ಜನರ ಮುಂದಿಟ್ಟದ್ದು 1863ರಲ್ಲಿ.

ಚಿತ್ರಕಾರ ಸತ್ತು 35 ವರ್ಷಗಳಾಗಿದ್ದವು. ಆಮ್ಲ ಕೊರೆದ ಗೆರೆಗಳು ಮಾತ್ರ ಮಸಿಗಾಗಿ ಕಾದಿದ್ದವು.