ವೀಸಾ ಶುಲ್ಕಕ್ಕಿಂತ ವೇತನ ನಿಯಮ ಮೇಲು



ಅಮೆರಿಕದ ವಲಸೆ ಮತ್ತು ವೈವಿಧ್ಯದ ಚರ್ಚೆ ಗಡಿಯಲ್ಲೇ ನಿಂತಿಲ್ಲ. ಕಂಪನಿಗಳ ನೇಮಕಾತಿ, ಸಿನಿಮಾ ಪ್ರಶಸ್ತಿಗಳವರೆಗೂ ಹಬ್ಬಿದೆ. 2025ರ ಜನವರಿಯಲ್ಲಿ ಮೆಟಾ ತನ್ನ ವೈವಿಧ್ಯ ಕಾರ್ಯಕ್ರಮಗಳನ್ನು ನಿಲ್ಲಿಸಿತು. ಮರುತಿಂಗಳು ಗೂಗಲ್ ಕೂಡ ವೈವಿಧ್ಯದ ನೇಮಕಾತಿ ಗುರಿಗಳನ್ನು ಕೈಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರದೇಶದಲ್ಲಿರುವವರ ಹೊಸ ಎಚ್‌–1ಬಿ ಉದ್ಯೋಗ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿದರು. ಈ ವೀಸಾ ಪಡೆಯುವವರಲ್ಲಿ ಸುಮಾರು ಶೇ 70ರಷ್ಟು ಮಂದಿ ಭಾರತೀಯರು. ಬೆಂಗಳೂರಿನ ಎಂಜಿನಿಯರುಗಳಿಗೂ ಇದರ ಬಿಸಿ ತಟ್ಟಿದೆ.

ವೈವಿಧ್ಯದ ವಿಷಯದಲ್ಲಿ ಆಸ್ಕರ್ ಅಕಾಡೆಮಿಯ ದಾರಿ ಬೇರೆ. 2024ರಿಂದ ಅತ್ಯುತ್ತಮ ಚಿತ್ರ ಪ್ರಶಸ್ತಿಯ ಸ್ಪರ್ಧೆಗೆ ನಾಲ್ಕು ವೈವಿಧ್ಯ ಮಾನದಂಡಗಳಲ್ಲಿ ಎರಡನ್ನಾದರೂ ಪೂರೈಸಬೇಕು. ತೆರೆಯ ಹಿಂದಿನ ತಂತ್ರಜ್ಞರೂ ಈ ಲೆಕ್ಕಕ್ಕೆ ಸೇರುತ್ತಾರೆ.

ಮತ್ತೆ ವೀಸಾ ವಿಷಯಕ್ಕೆ ಬಂದರೆ, ಕೆಲಸ ವಿದೇಶಿಯರ ಪಾಲಾಗುತ್ತದೆ ಎಂಬ ಅಮೆರಿಕದ ಕೆಲಸಗಾರರ ಆತಂಕ ಸುಳ್ಳಲ್ಲ. ಅಗ್ಗದ ಸಂಬಳಕ್ಕೆ ವಿದೇಶಿಯರನ್ನು ದುಡಿಸಿಕೊಳ್ಳುವ ಕಂಪನಿಗಳಿಗೆ ಅಮೆರಿಕದ ಕಾಂಗ್ರೆಸ್ ಕಟ್ಟುನಿಟ್ಟಿನ ವೇತನ ನಿಯಮ ತರಲಿ. ಪ್ರತಿಭೆಯ ದಾರಿಗೆ ಅಡ್ಡವಾಗಿರುವ ವೀಸಾ ಶುಲ್ಕವನ್ನು ರದ್ದುಪಡಿಸಲಿ.

– ಓದುಗ, ತುಮಕೂರು