ನಮ್ಮ ನೀಲಗಿರಿ ನಮಗೇ ಕಂತಿನಲ್ಲಿ

ರಾಗಿ ಕಟಾವು ಮುಗೀತು, ಮೆದೆ ಒಟ್ಟಾಯ್ತು. ಅವರೆ ಸಾಲಿನಲ್ಲಿ ಸೊನೆ ಘಮ ಏರ್ತಾ ಇದೆ. ಈ ಬಿಡುವಿನಲ್ಲಿ ನಾಲ್ಕು ದಿನ ಬೆಂಗಳೂರಿಗೆ ಹೋಗಿ ಬಂದೆ. ಮಾಗಡಿ ಬಸ್ಸಲ್ಲಿ ಹೋಗಿ ಸುಮನಹಳ್ಳಿ ಹತ್ರ ಇಳಿದ್ರೆ ಚಂದ್ರಾ ಲೇಔಟ್ ದೂರ ಇಲ್ಲ. ಅಲ್ಲಿ ಎರಡನೇ ಮಹಡಿಯಲ್ಲಿ ಮಗಳು, ಅಳಿಯ ಬಾಡಿಗೆ ಮನೆ ಹಿಡಿದಿದ್ದಾರೆ. ಇವತ್ತಿನ ಬರಹ ಬೆಳೆ ಬಗ್ಗೆ ಅಲ್ಲ. ಆದ್ರೆ ಕೊನೆಗೆ ನಮ್ಮ ಹೊಲಕ್ಕೇ ಬಂದು ನಿಲ್ಲುತ್ತೆ, ಪೂರ್ತಿ ಓದಿ.

ಹೋದ ದಿನ ಸಂಜೆ ಮಗಳು ಮೊಬೈಲ್ ತೋರಿಸಿದಳು. ಸೋಫಾ, ಟಿವಿ ಯೂನಿಟ್, ಮಂಚ, ವಾರ್ಡ್‌ರೋಬ್ ಸೇರಿ 1,12,000 ರೂಪಾಯಿ. "ಬಜೆಟ್‌ನಲ್ಲೇ ಇದೆ ಅಪ್ಪಾ, 12 ಕಂತು, ಬಡ್ಡಿ ಇಲ್ಲ" ಅಂದಳು. ಬಡ್ಡಿ ಇಲ್ಲದ ಸಾಲ ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಮಾರನೇ ದಿನ ಅಂಗಡಿಗೇ ಹೋಗಿ ಕೇಳಿದೆ. ಪೂರ್ತಿ ದುಡ್ಡು ಕೊಟ್ಟು ತಗೊಂಡ್ರೆ ನೂರಕ್ಕೆ 8 ರಿಯಾಯಿತಿ ಅಂತೆ. ಅಂದ್ರೆ 8,960. ಕಂತಿನವರಿಗೆ ಅದು ಸಿಗಲ್ಲ. ಮೇಲೆ ಪ್ರೊಸೆಸಿಂಗ್ ಫೀಸು 1,999. ಸುಮಾರು 11,000 ರೂಪಾಯಿ ಆಯ್ತಲ್ಲ, ಅದು ಬಡ್ಡಿ ಅಲ್ದೆ ಇನ್ನೇನು? ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಅದನ್ನ ಫೀಸಿನ ಹೆಸರಲ್ಲಿ ಮುಚ್ಚಿಡ್ತಾರೆ ಅಂತ ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ಸಾಲ ಮನ್ನಾ ಆದಾಗ ನಮ್ಮನ್ನ ಆಡಿಕೊಳ್ಳೋ ಪಟ್ಟಣದವರು ಕೂರೋ ಸೋಫಾಗೂ ಸಾಲ ಮಾಡ್ತಾರೆ, ಅದಕ್ಕೆ ಸ್ಟೈಲ್ ಅಂತ ಹೆಸರು.

ದುಡ್ಡಿನ ಮಾತು ಆಮೇಲೆ. ಸಾಮಾನು ಎಂಥದ್ದು ನೋಡೋಣ ಅಂತ ಟಿವಿ ಯೂನಿಟ್ ಹಿಂದೆ ಬಗ್ಗಿ ನೋಡಿದೆ. ಮುಂದೆ ತೇಗದ ಗೆರೆ ಇರೋ ಹಾಳೆ ಅಂಟಿಸಿದ್ದಾರೆ. ಹಿಂದೆ ವೈರಿಗೆ ತೂತು ಕೊರೆದ ಕಡೆ ಬೆರಳಿಟ್ಟರೆ ಹೊಟ್ಟು ಉದುರುತ್ತೆ. ಇದು ಪಾರ್ಟಿಕಲ್ ಬೋರ್ಡ್. ಮರದ ಚೂರು, ಹೊಟ್ಟನ್ನ ಅಂಟು ಹಾಕಿ ಒತ್ತಿದ ಹಲಗೆ. ಆ ಅಂಟು ಯಾವುದು ಗೊತ್ತಾ? ಹೆಚ್ಚಿನದಕ್ಕೆ ಯೂರಿಯಾ ಫಾರ್ಮಾಲ್ಡಿಹೈಡ್. ಹೌದು ಸ್ವಾಮಿ, ನಾವು ಸೊಸೈಟಿ ಮುಂದೆ ಸಾಲು ನಿಂತು 266 ರೂಪಾಯಿಗೆ ಹೊತ್ತು ತರೋ ಅದೇ ಯೂರಿಯಾ ಜಾತಿ. ಸಬ್ಸಿಡಿ ಯೂರಿಯಾ ಇಂಥ ಕಾರ್ಖಾನೆಗಳಿಗೆ ಸೋರಿಹೋಗ್ತಿದೆ ಅನ್ನೋದೂ ಒಂದು ಕಾರಣವಾಗಿ 2015ರಲ್ಲಿ ಪೂರ್ತಿ ಯೂರಿಯಾಗೆ ಬೇವಿನೆಣ್ಣೆ ಲೇಪನ ಕಡ್ಡಾಯ ಮಾಡಿದ್ರು. ಹೊಸ ಸಾಮಾನು ಬಂದ ಮನೆಯಲ್ಲಿ ಕಣ್ಣು ಉರಿಸೋ ವಾಸನೆ ಬರುತ್ತಲ್ಲ, ಅದರಲ್ಲಿ ಫಾರ್ಮಾಲ್ಡಿಹೈಡ್ ಇರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅದನ್ನ ಕ್ಯಾನ್ಸರ್ ತರೋ ಪಟ್ಟಿಗೆ ಸೇರಿಸಿದೆ. ಹೊಲಕ್ಕೆ ಯೂರಿಯಾ ಹಾಕಿದ್ರೆ ನಮಗೆ ಬುದ್ಧಿ ಹೇಳೋರು ಮಲಗೋ ಕೋಣೆಗೆ ತಾವೇ ತಂದಿಟ್ಟುಕೊಳ್ತಾರೆ.

ಇನ್ನು ಮರ ಎಲ್ಲಿಂದ ಬಂತು? ನಮ್ಮ ಕಡೆ ಬೋರ್‌ವೆಲ್ ಬತ್ತಿದ ಹೊಲದಲ್ಲೆಲ್ಲ ನೀಲಗಿರಿ ಹಾಕಿದ್ವಲ್ಲ, ಟನ್ ಲೆಕ್ಕದಲ್ಲಿ ಲಾರಿಗೆ ತುಂಬಿದ್ವಲ್ಲ, ಕಾಗದಕ್ಕೆ, ಪ್ಲೈವುಡ್‌ಗೆ, ಬೋರ್ಡಿಗೆ ಹೋಗಿದ್ದು ಅದೇ ಜಾತಿ ಮರ. ಅಂತರ್ಜಲ ಹೋಯ್ತು ಅಂತ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದು ನಿಲ್ಲಿಸಿತು. ನೀರು ಕುಡಿಸಿ ಬೆಳೆಸಿದವರು ನಾವು, ಟನ್ನಿಗೆ ಮಾರಿದವರು ನಾವು, ಈಗ ಅದನ್ನೇ ಹಲಗೆ ಲೆಕ್ಕದಲ್ಲಿ, ಕಂತಿನ ಮೇಲೆ ಕೊಂಡುಕೊಳ್ಳೋರು ನಮ್ಮ ಮಕ್ಕಳು.

ಇಷ್ಟೆಲ್ಲ ಭಾಷಣ ಮಾಡಿದೆ. ಮಗಳು ಸುಮ್ನೆ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ಅಪ್ಪಾ, ತಾತನ ಪೆಟ್ಟಿಗೆ ಎಷ್ಟಕ್ಕೆ ಮಾರಿದೆ?"

1,800 ರೂಪಾಯಿಗೆ. ಹಳೇ ತೊಟ್ಟಿಮನೆ ಕೆಡವಿ ಆರ್‌ಸಿಸಿ ಹಾಕಿಸಿದ ವರ್ಷ, ಗುಜರಿಯವನಿಗೆ. ಹಲಸಿನ ಹಲಗೆಯ ಪೆಟ್ಟಿಗೆ, ಹಿತ್ತಾಳೆ ಚಿಲಕ, ನಮ್ಮಪ್ಪ ಬಿತ್ತನೆ ರಾಗಿ ಇಡ್ತಿದ್ದದ್ದು. ಅದರ ಜೊತೆ ಎರಡು ಕಂಬ, ಬಾಗಿಲುವಾಡವೂ ಹೋಯ್ತು. ಅಂಥದ್ದೇ ಒಂದು ಪೆಟ್ಟಿಗೆ ಅಂಗಡಿಯಲ್ಲಿ 32,000ಕ್ಕೆ ಇಟ್ಟಿದ್ದಾರೆ ಅಂತ ಮಗಳು ಫೋಟೋ ತೋರಿಸಿದಳು. ನನ್ನ ಬಾಯಿ ಕಟ್ಟಿತು. ಹಾಗಾಗಿ ಈ ಬೈಗುಳದಲ್ಲಿ ಮೊದಲನೇ ಪಾಲು ನನ್ನದೇ.

ಆಮೇಲೆ ಅಪ್ಪ, ಮಗಳು, ಅಳಿಯ ಮೂರು ಜನ ಕೂತು ಲೆಕ್ಕ ಹಾಕಿದ್ವಿ. ಅಲ್ಲಿಂದ ಆಟೋದಲ್ಲಿ ಹೋದ್ರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಹತ್ತಿರವೇ. ಆ ಕಡೆ ವಿಚಾರಿಸಿ, ಯಾರೋ ಮನೆ ಖಾಲಿ ಮಾಡಿ ಕೊಟ್ಟಿದ್ದ ತೇಗದ ಮಂಚ ಹಿಡಿದ್ವಿ. 14,000, ಪಾಲಿಶ್‌ಗೆ 2,500. ಊರಲ್ಲಿ ಅಟ್ಟದ ಮೇಲೆ ಉಳಿದಿದ್ದ ಹಲಸಿನ ಹಲಗೆಯಲ್ಲಿ ನಮ್ಮೂರ ಆಚಾರ್ರು ಊಟದ ಮೇಜು ಮಾಡಿಕೊಟ್ರು, ಕೂಲಿ ಸಾಮಾನು ಸೇರಿ 5,500. ಎರಡು ಬೆತ್ತದ ಕುರ್ಚಿ 5,600. ನನ್ನ ಹೆಂಡತಿ ತವರಿನಿಂದ ತಂದಿದ್ದ ಕಬ್ಬಿಣದ ಬೀರುಗೆ ಬಣ್ಣ 1,500. ಕೈಮಗ್ಗದ ಪರದೆ, ಒಂದು ನವಲಗುಂದದ ಜಮಖಾನ 6,400. ಟೆಂಪೋ ಬಾಡಿಗೆ 2,500. ಒಟ್ಟು 38,000. ಹಾಲ್‌ಗೆ ಹಳದಿ ಬೆಳಕಿನ ಬಲ್ಬು ಅಳಿಯನೇ ಹಾಕಿದ, ಅದು ಲೆಕ್ಕಕ್ಕಿಲ್ಲ. ಮಂಚದ ಮೇಲೆ ನಮ್ಮವ್ವ ಹಳೇ ಸೀರೆಯಲ್ಲಿ ಹೊಲಿದ ಬೊಂತೆ. ಮನೆ ನೋಡೋಕೆ ಬಂದ ಮಗಳ ಸ್ನೇಹಿತೆಯರು ಮೊದಲು ಫೋಟೋ ತೆಗೆದಿದ್ದು ಆ ಬೊಂತೆದು. ಸೋಫಾ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಅಳಿಯಂದಿರಿಗೆ ಒರಗೋಕೆ ಬೇಕಂತೆ. ತಗೊಳ್ಳಿ, ದುಡ್ಡು ಕೂಡಿಟ್ಟು ತಗೊಳ್ಳಿ ಅಂದಿದ್ದೀನಿ.

"ಬಾಡಿಗೆ ಮನೆಯವರು ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸ್ತಾರೆ, ತೂಕದ ಮರ ಯಾರು ಹೊರ್ತಾರೆ?" ಅಂತ ಕೇಳೋರಿಗೆ ಒಂದು ಮಾತು. ಹೊರೋಕೆ ಕಷ್ಟ, ಒಪ್ಪಿದೆ. ಆದ್ರೆ ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್ ಒಂದ್ಸಲ ಬಿಚ್ಚಿ ಜೋಡಿಸಿ ನೋಡಿ. ಸ್ಕ್ರೂ ಕೂತಿದ್ದ ತೂತು ಹೊಟ್ಟಾಗಿರುತ್ತೆ, ಎರಡನೇ ಸಲ ಹಿಡಿಯಲ್ಲ. ನೆಲ ಒರೆಸಿದ ನೀರು ಬುಡಕ್ಕೆ ಇಳಿದ್ರೆ ಮಳೆಗೆ ಸಿಕ್ಕ ಹಿಂಡಿ ಥರ ಊದುತ್ತೆ. ಮನೆ ಬದಲಾಯಿಸೋರು ಮೊದಲು ದೂರ ಇಡಬೇಕಾದ್ದು ಅದನ್ನೇ. ಹೊಸದೇ ಬೇಕು ಅಂದ್ರೆ ಪ್ಲೈವುಡ್ ಕೇಳಿ, ಮೇಲಿನ ಐಎಸ್ ನಂಬರ್ ಓದಿ. 303 ಅಂದ್ರೆ ಸಾಧಾರಣ ಉಪಯೋಗಕ್ಕೆ, 710 ಅಂದ್ರೆ ನೀರು ತಾಳೋದು. ಅಡುಗೆಮನೆಗೆ, ಬಚ್ಚಲ ಪಕ್ಕಕ್ಕೆ 303 ಹಾಕಿಸಬೇಡಿ. ಮನೆಗೆ ಹೋದ ಮೊದಲ ಮೂರು ತಿಂಗಳು ಮಂಚ, ಒಲೆ ಬಿಟ್ಟು ಏನೂ ಕೊಳ್ಳಬೇಡಿ. ಎಲ್ಲಿ ಕೂರ್ತೀವಿ, ಎಲ್ಲಿ ಬೆಳಕು ಬೀಳುತ್ತೆ ಅಂತ ಅಷ್ಟರಲ್ಲಿ ಗೊತ್ತಾಗುತ್ತೆ.

ಇನ್ನು ಊರಲ್ಲಿರೋ ನಮ್ಮವರಿಗೆ. ಹಳೇ ಮನೆ ಕೆಡವೋ ಯೋಚನೆ ಇದ್ರೆ ಗುಜರಿಯವನಿಗೆ ಫೋನ್ ಮಾಡೋ ಮೊದಲು ಮಕ್ಕಳಿಗೆ ಮಾಡಿ. ಬಾಗಿಲು, ತೊಲೆ, ಜಂತೆ, ಪೆಟ್ಟಿಗೆ ಒಂದೊಂದನ್ನೂ ಫೋಟೋ ತೆಗೆದು ಕಳಿಸಿ. ಬೇಡ ಅಂದ್ರೂ ಒಂದು ವರ್ಷ ತಗಡಿನ ಶೀಟ್ ಕೆಳಗೆ, ಇಟ್ಟಿಗೆ ಮೇಲೆ ಎತ್ತಿ ಇಡಿ, ಗೆದ್ದಲು ಹತ್ತದ ಹಾಗೆ. ಬದುವಿನಲ್ಲಿ ಜಾಗ ಇದ್ರೆ ನೀಲಗಿರಿ ಕಿತ್ತ ಕಡೆ ಎರಡು ಹಲಸು, ಒಂದು ಬೇವು ನೆಡಿ. ನಾನು ಈ ಜೂನ್‌ನಲ್ಲಿ ಆರು ಹಲಸು ನೆಟ್ಟೆ, ಒಂದನ್ನ ಮೇಕೆ ತಿಂತು, ಐದು ಇವೆ. ನನ್ನ ಕಾಲಕ್ಕೆ ಹಣ್ಣು ಸಿಕ್ರೆ ಸಾಕು. ಹಲಗೆ ಮೊಮ್ಮಕ್ಕಳಿಗೆ, ಅವರು ಯಾವ ಲೇಔಟ್‌ನಲ್ಲಿ ಇರ್ತಾರೋ ಏನೋ.

ನಾಳೆ ಬೆಳಗ್ಗೆ ಅವರೆ ಬಿಡಿಸೋಕೆ ಆಳು ಬರ್ತಾರೆ. ಚಂದ್ರಾ ಲೇಔಟ್‌ಗೂ ಒಂದು ಚೀಲ ಹೋಗಬೇಕು.